ಹಾಂಗ್‌ಕಾಂಗ್‌ನ ಕಂಪನಿ ನೋಂದಣಿ ಕಚೇರಿಗೆ ಸಂಬಳ ಕೊಟ್ಟವರು ಯಾರು?

ಪ್ರಶ್ನೆ: ಬ್ರಿಟಿಷರ ಕಾಲದ ಹಾಂಗ್‌ಕಾಂಗ್‌ನಲ್ಲಿ ಕಂಪನಿಗಳ ನೋಂದಣಿ ನಡೆಯುತ್ತಿತ್ತಲ್ಲ, ಆ ಕಚೇರಿಯ ಖರ್ಚನ್ನು ಲಂಡನ್ ಕೊಡುತ್ತಿತ್ತೇ? ಅಲ್ಲಿ ಯಾರು ಕೆಲಸ ಮಾಡುತ್ತಿದ್ದರು?

ಉತ್ತರ: ಲಂಡನ್ ಕೊಡುತ್ತಿರಲಿಲ್ಲ. ವಸಾಹತಿನ ಆಡಳಿತದ ವೆಚ್ಚವನ್ನು ವಸಾಹತೇ ಹೊರಬೇಕೆಂಬುದು ಬ್ರಿಟಿಷ್ ಖಜಾನೆಯ ಹಟ. ಗವರ್ನರರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರ ಸಂಬಳವೂ ಸ್ಥಳೀಯ ಬೊಕ್ಕಸದಿಂದಲೇ ಹೋಗುತ್ತಿತ್ತು. ಭೂಮಿಯ ಗುತ್ತಿಗೆ, ಕಟ್ಟಡ ತೆರಿಗೆ, ಮುದ್ರಾಂಕ ಶುಲ್ಕಗಳ ಜೊತೆಗೆ ಅಫೀಮಿನ ಏಕಸ್ವಾಮ್ಯವನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವೂ ಆ ಬೊಕ್ಕಸವನ್ನು ತುಂಬಿತ್ತು ಎಂಬುದನ್ನು ಮರೆಯಬಾರದು.

ಇನ್ನು ಸಿಬ್ಬಂದಿಯ ವಿಷಯ. ನಿಜ ಹೇಳಬೇಕೆಂದರೆ, ಅಲ್ಲಿ ಬಹುಕಾಲ ಕಂಪನಿ ನೋಂದಣಿಗೆಂದೇ ಪ್ರತ್ಯೇಕ ಇಲಾಖೆ ಇರಲಿಲ್ಲ. 1865ರಲ್ಲಿ ಮೊದಲ ಕಂಪನಿ ಕಾನೂನು ಬಂದಾಗ ಆ ಕೆಲಸವನ್ನು ಸುಪ್ರೀಂ ಕೋರ್ಟಿನ ರಿಜಿಸ್ಟ್ರಾರ್ ಹೆಗಲಿಗೆ ಹಾಕಲಾಯಿತು. ದಾವೆ, ಡಿಕ್ರಿ, ಸತ್ತವರ ಆಸ್ತಿಯ ವಿಲೇವಾರಿ, ಇವೆಲ್ಲ ಅವರ ಮುಖ್ಯ ಕೆಲಸ. ಕಂಪನಿಗಳ ಕಡತ ಅದರ ಮೇಲಿನ ಹೆಚ್ಚುವರಿ ಹೊರೆ. ಈ ಏರ್ಪಾಡು 1949ರವರೆಗೂ ನಡೆಯಿತು.

ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಹಾಂಗ್‌ಕಾಂಗ್ ಅನುಸರಿಸಿದ್ದು ಇಂಗ್ಲೆಂಡಿನ 1862ರ ಕಾಯ್ದೆಯ ಮಾದರಿಯನ್ನು. ಆ ಕಾಯ್ದೆಯಂತೆ 7 ಜನ ಸಹಿ ಹಾಕಿದರೆ ಕಂಪನಿ ಹುಟ್ಟುತ್ತಿತ್ತು. 2,000 ಪೌಂಡ್‌ವರೆಗಿನ ಬಂಡವಾಳಕ್ಕೆ ನೋಂದಣಿ ಶುಲ್ಕ 2 ಪೌಂಡ್. ಕಂಪನಿ ಎಷ್ಟೇ ದೊಡ್ಡದಾದರೂ 50 ಪೌಂಡ್ ದಾಟುವಂತಿರಲಿಲ್ಲ. ಕಡತ ನೋಡಬೇಕೆಂದವರು 1 ಶಿಲ್ಲಿಂಗ್ ಕೊಟ್ಟರೆ ಸಾಕು. ಹೀಗೆ ಬಂದ ಶುಲ್ಕ ನೇರವಾಗಿ ಸರ್ಕಾರದ ಖಜಾನೆ ಸೇರುತ್ತಿತ್ತು. ಹಾಂಗ್‌ಕಾಂಗ್‌ನಲ್ಲೂ ಅಷ್ಟೇ: ನೋಂದಣಿ ಹೆಚ್ಚಿದರೆ ಗುಮಾಸ್ತರ ಮೇಜಿನ ಮೇಲೆ ಕಾಗದ ಹೆಚ್ಚುತ್ತಿತ್ತು, ಆ ವರಮಾನ ಮಾತ್ರ ಕಚೇರಿಯದಾಗುತ್ತಿರಲಿಲ್ಲ. ಇಂಥ ಕಚೇರಿ ತನಗೆ ಬಂದ ಕಾಗದವನ್ನು ಜೋಪಾನವಾಗಿಡುತ್ತದೆ ಎಂದಷ್ಟೇ ನಿರೀಕ್ಷಿಸಬಹುದಿತ್ತು. ಕಂಪನಿ ಗಟ್ಟಿಯೋ ಪೊಳ್ಳೋ ಎಂದು ಪರೀಕ್ಷಿಸುವ ಹೊಣೆಯನ್ನು ಕಾನೂನು ಅದಕ್ಕೆ ಕೊಟ್ಟೇ ಇರಲಿಲ್ಲ. ಷೇರು ಕೊಂಡ ಸಾಮಾನ್ಯರಿಗೆ ಈ ವ್ಯತ್ಯಾಸ ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ದೂರವೂ ಒಂದು ತೊಡಕು. ಶಾಂಘೈನಲ್ಲಿ ವ್ಯವಹರಿಸುತ್ತಿದ್ದ ಅನೇಕ ಬ್ರಿಟಿಷ್ ಕಂಪನಿಗಳು ನೋಂದಣಿಯಾಗಿದ್ದದ್ದು ಸುಮಾರು 1,200 ಕಿಲೋಮೀಟರ್ ಆಚೆಯ ಹಾಂಗ್‌ಕಾಂಗ್‌ನಲ್ಲಿ. 1910ರಲ್ಲಿ ಶಾಂಘೈನ ಪೇಟೆಯಲ್ಲಿ ರಬ್ಬರ್ ತೋಟದ ಕಂಪನಿಗಳ ಷೇರುಗಳು ಕುಸಿದು, ಅಲ್ಲಿನ ಹಳೆಯ ಲೇವಾದೇವಿ ಮನೆಗಳು ಸಾಲುಸಾಲಾಗಿ ಮುಳುಗಿದವು. 1915ರ ರಾಜಾಜ್ಞೆಯೊಂದು, ಹಾಂಗ್‌ಕಾಂಗ್‌ನಲ್ಲಿ ನೋಂದಣಿಯಾಗಿ ಚೀನಾದಿಂದ ನಿಯಂತ್ರಿಸಲ್ಪಡುವ ಸಂಸ್ಥೆಗಳನ್ನು ‘ಚೀನಾ ಕಂಪನಿ’ಗಳೆಂದು ಬೇರೆಯಾಗಿ ಗುರುತಿಸಿತು. ಶಾಂಘೈನಲ್ಲಿದ್ದ ಬ್ರಿಟಿಷ್ ನ್ಯಾಯಾಲಯದ ಸಂಬಳವನ್ನಂತೂ ಲಂಡನ್ನೇ ಕೊಡುತ್ತಿತ್ತು, ಏಕೆಂದರೆ ಶಾಂಘೈ ವಸಾಹತಾಗಿರಲಿಲ್ಲ, ಆ ನ್ಯಾಯಾಲಯ ಬ್ರಿಟಿಷ್ ವಿದೇಶಾಂಗ ಇಲಾಖೆಯ ಹೊಣೆಯಾಗಿತ್ತು. ಒಂದೇ ಕಂಪನಿಯ ಹುಟ್ಟಿನ ದಾಖಲೆ ಒಂದು ಬೊಕ್ಕಸದ ಆಶ್ರಯದಲ್ಲಿ, ಅದರ ವ್ಯಾಜ್ಯ ಇನ್ನೊಂದರ ಆಶ್ರಯದಲ್ಲಿ! ಕೋಲಾರದ ಚಿನ್ನದ ಗಣಿಯ ಚರಿತ್ರೆ ಬಲ್ಲವರಿಗೆ ಈ ದೂರ ಪರಿಚಿತವೇ: 1880ರ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಗಣಿ ಇಲ್ಲಿ, ನೋಂದಣಿ ಲಂಡನ್ನಿನಲ್ಲಿ.

1949ರಲ್ಲಿ ಈ ಕೆಲಸ ರಿಜಿಸ್ಟ್ರಾರ್ ಜನರಲ್ ಇಲಾಖೆಗೆ ಹೋಯಿತು. ಕಂಪನಿ ನೋಂದಣಿ ಸ್ವತಂತ್ರ ಇಲಾಖೆಯಾದದ್ದು 1993ರ ಮೇ ತಿಂಗಳಲ್ಲಿ, ಅಂದರೆ ಬ್ರಿಟಿಷರು ಹೊರಡಲು 4 ವರ್ಷ ಬಾಕಿ ಇದ್ದಾಗ. ಅದೇ ವರ್ಷದ ಆಗಸ್ಟ್‌ನಿಂದ ಅದು ತನ್ನ ಶುಲ್ಕದ ಆದಾಯದಲ್ಲೇ ಸಿಬ್ಬಂದಿಯ ಸಂಬಳವನ್ನೂ ಇತರ ವೆಚ್ಚವನ್ನೂ ತೂಗಿಸಿಕೊಳ್ಳತೊಡಗಿತು.