ಗ್ರಿಲ್ ಆಮೇಲೆ, ಮೊದಲು ಪೆಲೆಟ್ ಎಲ್ಲಿ ಸಿಗುತ್ತೆ ನೋಡಿ

ಶ್ರೀರಂಗಪಟ್ಟಣದ ಹತ್ತಿರ ಹೋಮ್‌ಸ್ಟೇ ನಡೆಸುವ ಒಬ್ಬರು ಮಳೆ ಶುರುವಾಗುವ ಹೊತ್ತಿಗೆ ಒಂದು ವಿಡಿಯೋ ಕಳಿಸಿದರು. ಹೊಸದಾಗಿ ಬಂದಿರುವ ಪೆಲೆಟ್ ಗ್ರಿಲ್, ಅಂದರೆ ಒತ್ತಿದ ಮರದ ಪುಡಿಯ ಚೂರು ಉರಿಸಿ ಮಾಂಸ ಬೇಯಿಸುವ ಒಲೆ. ದೊಡ್ಡ ಸ್ಕ್ರೀನು, ಮೊಬೈಲ್‌ನಿಂದಲೇ ಉರಿ ಹೆಚ್ಚು ಕಮ್ಮಿ ಮಾಡುವ ಆಪ್, ಎಲ್ಲಾ ಇದೆ. ನಾನು ವಿಡಿಯೋ ಪೂರ್ತಿ ನೋಡುವ ಮೊದಲೇ ಫೋನ್ ಬಂತು. "ಅಣ್ಣಾ, ತಗಳ್ಳದಾ ಬ್ಯಾಡ್ವಾ? ಒಂದೇ ಮಾತಲ್ಲಿ ಹೇಳಿ."

ಸದ್ಯಕ್ಕೆ ಬೇಡ ಅಂದೆ. ಯಾಕೆ ಅನ್ನುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಮೈಸೂರು, ಮಂಡ್ಯ ಕಡೆಯ ಹೋಟೆಲ್ ಅಡುಗೆಮನೆಗಳಿಗೆ ಒಲೆ, ತಂದೂರ್, ಗ್ರಿಲ್ ಕೂರಿಸುವುದು, ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವುದು ನನ್ನ ಕೆಲಸ. ಇತ್ತೀಚೆಗೆ ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ, ಅದಕ್ಕೇ ಆ ಅರ್ಧ ಗಂಟೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಕೆಲಸ ಮಾಡುವ ರೀತಿ. ನಮ್ಮ ಕಡೆಯವರಿಗೆ ಆಲೆಮನೆ ನೆನಪಿಸಿದರೆ ಸಾಕು. ಕೊಪ್ಪರಿಗೆ ಕೆಳಗಿನ ಒಲೆ ಮುಂದೆ ಒಬ್ಬ ಕೂತಿರುತ್ತಾನೆ. ಒಣಗಿದ ಕಬ್ಬಿನ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವಾಗಿ ಒಲೆಗೆ ತಳ್ಳುತ್ತಲೇ ಇರುತ್ತಾನೆ. ಜಾಸ್ತಿ ತಳ್ಳಿದರೆ ಪಾಕ ಸೀದುಹೋಗುತ್ತದೆ, ಕಮ್ಮಿಯಾದರೆ ಹದ ಬರುವುದಿಲ್ಲ. ಪೆಲೆಟ್ ಗ್ರಿಲ್‌ನಲ್ಲಿ ಆ ಮನುಷ್ಯನ ಜಾಗದಲ್ಲಿ ಒಂದು ಮೋಟಾರು ಕೂತಿದೆ. ಪಕ್ಕದಲ್ಲಿ ಹಿಟ್ಟಿನ ಮಿಲ್ಲಿನಲ್ಲಿ ಇರುವ ಥರದ ಹಾಪರ್. ಅದರಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಕಡ್ಡಿ ಚೂರುಗಳು. ಅದೇ ಪೆಲೆಟ್. ಹಾಪರ್ ತಳದಲ್ಲಿ ಉದ್ದನೆಯ ಸ್ಕ್ರೂ ತಿರುಗುತ್ತಾ ಆ ಚೂರುಗಳನ್ನು ಸಣ್ಣ ಕಬ್ಬಿಣದ ಬಟ್ಟಲಿಗೆ ಬೀಳಿಸುತ್ತದೆ. ಬಟ್ಟಲಲ್ಲಿ ಕರೆಂಟಿನಿಂದ ಕೆಂಪಗಾಗುವ ಒಂದು ಕಡ್ಡಿ ಇರುತ್ತದೆ, ಅದು ಬೆಂಕಿ ಹಚ್ಚುತ್ತದೆ. ಒಂದು ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಬಿಸಿಯನ್ನು ಅಳೆಯುವ ಸೆನ್ಸರ್ ಹೇಳಿದಂತೆ ಎಲೆಕ್ಟ್ರಾನಿಕ್ ಬೋರ್ಡು ಸ್ಕ್ರೂವನ್ನು ಓಡಿಸುತ್ತದೆ, ನಿಲ್ಲಿಸುತ್ತದೆ. ಇಷ್ಟೇ.

1970ರ ದಶಕದಲ್ಲಿ ಕಚ್ಚಾ ಎಣ್ಣೆ ಬೆಲೆ ಏರಿದಾಗ ಅಮೆರಿಕದಲ್ಲಿ ಮನೆ ಬಿಸಿ ಮಾಡಲು ಮರದ ಪೆಲೆಟ್ ಬಂತು. ಅದನ್ನು 1980ರ ದಶಕದಲ್ಲಿ ಆರಿಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್ ಅಡುಗೆಗೆ ತಂದರು. 2006ರ ಸುಮಾರಿಗೆ ಅವರ ಪೇಟೆಂಟ್ ಮುಗಿಯಿತು, ಆಮೇಲೆ ಬೇರೆ ಕಂಪನಿಗಳೂ ಇದನ್ನು ಮಾಡತೊಡಗಿದವು. ಇವತ್ತು ಬರುವ ಯಾವ ಹೊಸ ಮಾಡೆಲ್ ಬಿಚ್ಚಿದರೂ ಒಳಗೆ ಸಿಗುವುದು ಬಹುಪಾಲು ಅದೇ ಸ್ಕ್ರೂ, ಅದೇ ಫ್ಯಾನು, ಬೆಂಕಿ ಹಚ್ಚುವ ಅದೇ ಕಡ್ಡಿ. ಹೊಸತು ಅನ್ನುವುದೆಲ್ಲ ಜಾಸ್ತಿ ಬೋರ್ಡಿನಲ್ಲಿ, ಸ್ಕ್ರೀನಿನಲ್ಲಿ ಇರುತ್ತದೆ. ಬಯಲಲ್ಲಿ, ಜಿಡ್ಡು ಹೊಗೆ ನಡುವೆ, ಮೊದಲು ಕೆಡುವುದೂ ಅದೇ ಭಾಗ.

ಇನ್ನು ಅಸಲಿ ವಿಷಯ, ಪೆಲೆಟ್.

ಹೋಮ್‌ಸ್ಟೇಯವರಿಗೆ ವಾರಕ್ಕೆ ಎರಡು ಸಲ ಇಡೀ ಕುರಿ ತೊಡೆ ಹೊಗೆಯಲ್ಲಿ ಬೇಯಿಸುವ ಆಸೆ. 110 ಡಿಗ್ರಿ ಆಸುಪಾಸಿನ ಸಣ್ಣ ಉರಿಯಲ್ಲಿ ಇಂಥ ಗ್ರಿಲ್ ಗಂಟೆಗೆ ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ ಪೆಲೆಟ್ ತಿನ್ನುತ್ತದೆ, ಜೋರು ಉರಿಗೆ ಒಂದು ಕೆಜಿ ದಾಟುತ್ತದೆ. ಒಂದು ಸಲಕ್ಕೆ ಆರು ಗಂಟೆ ಅಂದುಕೊಳ್ಳಿ, ಸುಮಾರು 4 ಕೆಜಿ. ವಾರಕ್ಕೆ 8, ವರ್ಷಕ್ಕೆ 400 ಕೆಜಿಗೂ ಮೇಲೆ. ಇದು ಅಡುಗೆಗೆ ಅಂತಲೇ ಗಟ್ಟಿ ಮರದಿಂದ ಮಾಡಿದ ಪೆಲೆಟ್ ಆಗಬೇಕು. ಅಮೆರಿಕದಲ್ಲಿ ಅದು 20 ಪೌಂಡ್, ಅಂದರೆ 9 ಕೆಜಿ ಚೀಲಗಳಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲಿ ಗ್ಯಾಸ್ ಮುಗಿದರೆ ಸಿಲಿಂಡರ್ ಬರುತ್ತದೆ, ಇದ್ದಿಲು ಮುಗಿದರೆ ದೇವರಾಜ ಮಾರ್ಕೆಟ್ ಕಡೆ ಹೋಗಿ ಬರಬಹುದು. ಶನಿವಾರ ಸಂಜೆ ಹಾಪರ್ ಖಾಲಿಯಾದರೆ ಎಲ್ಲಿಗೆ ಹೋಗುತ್ತೀರಿ? ಆ ಪ್ರಶ್ನೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಆಮೇಲೆ "ಬಾಯ್ಲರ್‌ಗೆ ಹಾಕೋ ಪೆಲೆಟ್ ಲಾರಿಗಟ್ಟಲೆ ಸಿಗ್ತದಲ್ಲಣ್ಣ, ಅದ್ನೇ ಹಾಕುದ್ರೆ?" ಅಂದರು. ದಯವಿಟ್ಟು ಹಾಕಬೇಡಿ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ. ಬಾಯ್ಲರ್ ಪೆಲೆಟ್‌ಗೆ ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು, ಸಾಮಿಲ್ ಪುಡಿ, ಏನು ಸಿಕ್ಕರೆ ಅದು ಸೇರುತ್ತದೆ. ಆ ಪುಡಿಯಲ್ಲಿ ಪ್ಲೈವುಡ್ಡಿನ ಗೋಂದು, ಹಳೇ ಪೀಠೋಪಕರಣದ ಪೇಂಟು ಇರಬಹುದು. ಬಾಯ್ಲರ್‌ನಲ್ಲಿ ಹೊಗೆ ಚಿಮಣಿಗೆ ಹೋಗುತ್ತದೆ. ಗ್ರಿಲ್‌ನಲ್ಲಿ ಆ ಹೊಗೆಯೇ ಮಸಾಲೆ, ಅದು ಮಾಂಸಕ್ಕೆ ಹತ್ತಲಿ ಅಂತಲೇ ಇಷ್ಟೆಲ್ಲಾ ಮಾಡುತ್ತಿದ್ದೇವೆ, ಅಲ್ವಾ? ಅದನ್ನು ಊಟಕ್ಕೆ ಕೂತ ಮಕ್ಕಳೂ ತಿನ್ನುತ್ತಾರೆ. ಬೂದಿಯ ತೊಂದರೆ ಬೇರೆ. ಒಳ್ಳೆ ಮರದ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ. ಸಿಪ್ಪೆ ಹೊಟ್ಟಿನದರಲ್ಲಿ ಅದರ ಹಲವು ಪಟ್ಟು. ಅದು ಬಟ್ಟಲಲ್ಲಿ ಕರಗಿ ಗಟ್ಟಿಯಾಗಿ ಕಲ್ಲಿನ ಥರ ಕೂರುತ್ತದೆ, ಗಾಳಿಯ ತೂತುಗಳು ಮುಚ್ಚುತ್ತವೆ, ಉರಿ ಸತ್ತು ಬರೀ ಕೆಟ್ಟ ಹೊಗೆ ಬರುತ್ತದೆ.

ತೇವದ ವಿಷಯ ನಾನು ಕಣ್ಣಾರೆ ನೋಡಿದ್ದು. ಅಮೆರಿಕದಿಂದ ವಾಪಸ್ ಬಂದು ಮೈಸೂರಿನ ಗೋಕುಲಂನಲ್ಲಿ ನೆಲೆಸಿದ ಒಂದು ಕುಟುಂಬ ತಮ್ಮ ಪೆಲೆಟ್ ಗ್ರಿಲ್ ಅನ್ನು ಸಾಮಾನಿನ ಜೊತೆಗೇ ಹಡಗಿನಲ್ಲಿ ತರಿಸಿಕೊಂಡಿತ್ತು. ಜುಲೈ ತಿಂಗಳಲ್ಲಿ ಕರೆದರು, ಆನ್ ಮಾಡಿದರೆ ಗುಂಯ್ ಅನ್ನುತ್ತದೆ, ಏನೂ ಬೀಳುವುದಿಲ್ಲ. ಹಾಪರ್ ಮುಚ್ಚಳ ತೆಗೆದೆ. ಮೇಲೆ ಪೆಲೆಟ್ ಚೆನ್ನಾಗೇ ಕಾಣುತ್ತಿತ್ತು. ಕೈ ಒಳಗೆ ಹಾಕಿದರೆ ಒಂದು ಗೇಣು ಕೆಳಗೆ ಎಲ್ಲಾ ಉಬ್ಬಿ ಹೊಟ್ಟಾಗಿತ್ತು, ಒದ್ದೆ ರವೆ ಹಿಡಿದ ಹಾಗೆ. ಅದರ ಕೆಳಗೆ ಸ್ಕ್ರೂ ಸುತ್ತ ಅದೇ ಹೊಟ್ಟು ಒಣಗಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಮಿಕ್ಕಿದ್ದನ್ನು ಹಾಪರ್‌ನಲ್ಲೇ ಬಿಟ್ಟಿದ್ದರು, ಎರಡು ಮಳೆಗೆ ತೇವ ಎಳೆದುಕೊಂಡಿತ್ತು, ಅಷ್ಟೇ ನಡೆದದ್ದು. ಮೋಟಾರು ಬಿಚ್ಚಿ, ಸ್ಕ್ರೂ ಎಳೆದು, ಉಳಿಯಿಂದ ಮೆಲ್ಲಗೆ ಕೆರೆದು ತೆಗೆಯಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಮೋಟಾರು ಉಳಿದದ್ದು ಸ್ಕ್ರೂಗೆ ಹಾಕಿದ್ದ ಸಣ್ಣ ಪಿನ್ನಿನಿಂದ. ಸ್ಕ್ರೂ ಸಿಕ್ಕಿಹಾಕಿಕೊಂಡರೆ ಮುರಿಯಲಿ ಅಂತಲೇ ಆ ಪಿನ್ ಇರುವುದು. ಕೆಲವು ಮಾಡೆಲ್‌ನಲ್ಲಿ ಮಾತ್ರ ಇರುತ್ತದೆ, ಕೊಳ್ಳುವ ಮೊದಲು ಕೇಳಿ. ಬಳಸದ ದಿನ ಹಾಪರ್ ಖಾಲಿ ಮಾಡಿ, ಪೆಲೆಟ್ ಅನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಇಡಿ. ನಾಲೆ ಪಕ್ಕದ ತೋಟದ ಮನೆಗಳಲ್ಲಂತೂ ಇದು ಬೇಕೇ ಬೇಕು.

ಅದೇ ಗ್ರಿಲ್‌ನಲ್ಲಿ ಇನ್ನೊಂದು ತೊಡಕಿತ್ತು, ನೆಂಟರ ಕೈಲಿ ಅಮೆರಿಕದಿಂದ ತರಿಸುವ ಯೋಚನೆ ಇರುವವರು ಇದನ್ನು ಗಮನವಿಟ್ಟು ಓದಿ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಹಾಗೇ ಉಳಿಯುತ್ತದೆ. ಹಳೇ ಥರದ ಎಸಿ ಮೋಟಾರು 60ರ ಬದಲು 50ರಲ್ಲಿ ಓಡಿದರೆ ಆರನೇ ಒಂದು ಭಾಗದಷ್ಟು ನಿಧಾನವಾಗುತ್ತದೆ. ಪೆಲೆಟ್ ಕಮ್ಮಿ ಬೀಳುತ್ತದೆ, ಗಾಳಿಯೂ ಕಮ್ಮಿ. ಸಣ್ಣ ಉರಿಗೆ ಬೋರ್ಡು ಹೇಗೋ ಸರಿದೂಗಿಸುತ್ತದೆ, ಜೋರು ಉರಿ ಕೇಳಿದರೆ ಏರುವುದೇ ಇಲ್ಲ. ಹೊಸ ಮಾಡೆಲ್‌ಗಳಲ್ಲಿ ಕೆಲವಕ್ಕೆ ಡಿಸಿ ಮೋಟಾರು ಬಂದಿದೆ, ಅವಕ್ಕೆ ಈ ಕಷ್ಟ ಇಲ್ಲ. ಆದರೂ ಹಿಂದಿನ ಲೇಬಲ್ ಫೋಟೊ ತರಿಸಿಕೊಂಡು ನೋಡದೆ ದುಡ್ಡು ಕೊಡಬೇಡಿ.

ಕರೆಂಟ್ ಹೋದರೆ? ಇದ್ದಿಲ ಒಲೆ ಅದರ ಪಾಡಿಗೆ ಉರಿಯುತ್ತದೆ, ಇದರಲ್ಲಿ ಸ್ಕ್ರೂ, ಫ್ಯಾನ್ ಎರಡೂ ನಿಲ್ಲುತ್ತವೆ. ಬಟ್ಟಲಲ್ಲಿ ಅರೆಬೆಂದ ಪೆಲೆಟ್ ಹೊಗೆಯಾಡುತ್ತಿರುತ್ತದೆ, ಉರಿ ಸ್ಕ್ರೂ ಹಿಡಿದು ಹಾಪರ್ ಕಡೆಗೂ ಹತ್ತಬಹುದು. ಕರೆಂಟ್ ಬಂದ ಕೂಡಲೇ ಸುಮ್ನೆ ಸ್ಟಾರ್ಟ್ ಒತ್ತಿದರೆ ಹಳೇ ಪೆಲೆಟ್ ಮೇಲೆ ಹೊಸದು ಬಿದ್ದು, ತುಂಬಿಕೊಂಡ ಹೊಗೆಗೆ ಒಮ್ಮೆಲೇ ಬೆಂಕಿ ಹತ್ತಿ ಮುಚ್ಚಳ ಎತ್ತಿ ಬಡಿಯುತ್ತದೆ. ಮುಖ ಹತ್ತಿರ ಇಟ್ಟುಕೊಂಡು ಮುಚ್ಚಳ ತೆಗೆಯಲೇಬೇಡಿ. ಆರಲು ಬಿಡಿ, ಬಟ್ಟಲು ಖಾಲಿ ಮಾಡಿ, ಆಮೇಲೆ ಹಚ್ಚಿ. ಇನ್ವರ್ಟರ್ ಇದ್ದರೆ ಈ ತಲೆನೋವು ಬಹುಪಾಲು ತಪ್ಪುತ್ತದೆ. ಬೆಂಕಿ ಹಚ್ಚುವ ಮೊದಲ ಕೆಲವು ನಿಮಿಷ 200ರಿಂದ 300 ವ್ಯಾಟ್ ಎಳೆಯುತ್ತದೆ, ಆಮೇಲೆ 50 ವ್ಯಾಟ್ ಆಸುಪಾಸು, ಅಂದರೆ ಒಂದು ಸೀಲಿಂಗ್ ಫ್ಯಾನಿನಷ್ಟು. ಸೈನ್ ವೇವ್ ಇನ್ವರ್ಟರ್ ಆಗಿರಲಿ, ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲೇ ಬೋರ್ಡು ಆಫ್ ಆಗಿ ಆನ್ ಆಗಬಹುದು. ಬಯಲಲ್ಲಿ ಇಡುವ ಲೋಹದ ಪೆಟ್ಟಿಗೆ ಇದು, ಒದ್ದೆ ನೆಲ ಬೇರೆ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಕಟ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಮುಚ್ಚಿದ ಬಾಲ್ಕನಿಯಲ್ಲಿ, ಕಾರ್ ಶೆಡ್ಡಿನಲ್ಲಿ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ರುಚಿ. ಇದನ್ನು ಹೇಳದೆ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಮ್ಮ ಕಡೆ ಜನಕ್ಕೆ ಸುಟ್ಟ ಮಾಂಸ ಅಂದರೆ ಕೆಂಡದ ರುಚಿ. ತಲೆಕಾಲು ಸುಡುವ ವಾಸನೆ ಬೀದಿ ತುದಿಯಿಂದಲೇ ಗೊತ್ತಾಗುತ್ತದೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಅಂದಾಗ ಏಳುವ ಹೊಗೆಯಲ್ಲಿ ಆ ರುಚಿ ಹುಟ್ಟುತ್ತದೆ. ಪೆಲೆಟ್ ಗ್ರಿಲ್‌ನಲ್ಲಿ ಬೆಂಕಿಗೂ ಮಾಂಸಕ್ಕೂ ನಡುವೆ ಒಂದು ತಗಡು ಇರುತ್ತದೆ, ಕೊಬ್ಬು ಅದರ ಮೇಲೆ ಬಿದ್ದು ಪಕ್ಕದ ಬಕೆಟ್ಟಿಗೆ ಇಳಿದುಹೋಗುತ್ತದೆ. ಸಾಮಾನ್ಯವಾಗಿ 80ರಿಂದ 260 ಡಿಗ್ರಿವರೆಗೆ ಮಾತ್ರ ಇದರ ಆಟ, ತಂದೂರ್ 400 ದಾಟುತ್ತದೆ. ಹಾಗಾಗಿ ಸೀಕ್ ಕಬಾಬಿಗೆ, ನಾನ್‌ಗೆ ಇದು ಆಗುವುದಿಲ್ಲ. ಕೆಲವು ಮಾಡೆಲ್‌ನಲ್ಲಿ ತಗಡು ಸರಿಸಿ ನೇರ ಉರಿ ಕೊಡಬಹುದು, ಅದೂ ಅಂಗೈ ಅಗಲದ ಜಾಗಕ್ಕೆ. ಜೋರು ಉರಿಯಲ್ಲಿ ಪೆಲೆಟ್ ಪೂರ್ತಿ ಉರಿದುಹೋಗುವುದರಿಂದ ಹೊಗೆಯೂ ಕಮ್ಮಿ, ಓವನ್‌ನಲ್ಲಿ ಬೇಯಿಸಿದಂತೆ ಆಗುತ್ತದೆ.

ಇದು ಗೆಲ್ಲುವುದು ನಿಧಾನದ ಅಡುಗೆಯಲ್ಲಿ. ಬಂಡೂರು ಕುರಿ, ಜನ ಬನ್ನೂರು ಕುರಿ ಅನ್ನುತ್ತಾರಲ್ಲ, ಕುಳ್ಳ ಕಾಲು, ಮಾಂಸದೊಳಗೇ ಕೊಬ್ಬು ಹರಡಿಕೊಂಡಿರುತ್ತದೆ. ಅದರ ತೊಡೆಯನ್ನು ಉಪ್ಪು, ಮೆಣಸು, ಬೆಳ್ಳುಳ್ಳಿ ಹಚ್ಚಿ 110 ಡಿಗ್ರಿಯಲ್ಲಿ ಇಟ್ಟರೆ ಮೊದಲ ಎರಡು ಮೂರು ಗಂಟೆ ಒಳಗಿನ ಬಿಸಿ ಸರಾಗವಾಗಿ ಏರುತ್ತದೆ, 70ರ ಹತ್ತಿರ ಬಂದು ನಿಂತುಬಿಡುತ್ತದೆ. ಮಾಂಸ ಬೆವರುತ್ತಿರುತ್ತದೆ, ಆ ನೀರು ಆರುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಬರಿಯಾಗಿ ಉರಿ ಏರಿಸಬಾರದು. 90 ದಾಟಿದರೆ ನಾರೆಲ್ಲ ಕರಗಿ ಮೂಳೆ ಕೈಗೇ ಬರುತ್ತದೆ. ಈ ಆರು ಗಂಟೆ ಯಾರೂ ಒಲೆ ಮುಂದೆ ಕೂರಬೇಕಿಲ್ಲ, ಇದಕ್ಕೆ ಕೊಡುವ ದುಡ್ಡು ಅದಕ್ಕೇ. ಗೋಕುಲಂನವರು ಇವತ್ತಿಗೂ ತಿಂಗಳಿಗೊಮ್ಮೆ ಮಾಡುತ್ತಾರೆ, ಅವರಿಗೆ ಅದು ಸರಿಯಾಗಿದೆ, ಮಾರಿಬಿಡಿ ಅಂತ ನಾನು ಯಾವತ್ತೂ ಹೇಳಿಲ್ಲ.

ಹೋಮ್‌ಸ್ಟೇಯವರ ಲೆಕ್ಕ ಬೇರೆ. ಬಂದವರಲ್ಲಿ ಹತ್ತಕ್ಕೆ ಎಂಟು ಜನ ಕಬಾಬ್ ಕೇಳುತ್ತಾರೆ ಅಂತ ಅವರೇ ಹೇಳಿದರು. ಅಂಥವರಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದಾದರೂ ವೆಲ್ಡಿಂಗ್ ಶಾಪ್‌ನಲ್ಲಿ 200 ಲೀಟರ್ ಡ್ರಮ್ಮು ಸೀಳಿಸಿ ಗ್ರಿಲ್ ಮಾಡಿಸಿದರೆ ಸಾಕು. ಡ್ರಮ್ಮು ಪೇಂಟಿನದ್ದೋ ಕೆಮಿಕಲ್‌ನದ್ದೋ ಆಗಿರಬಾರದು, ಒಳಗೆ ಸತುವಿನ ಲೇಪ ಇರಬಾರದು. ಬಳ್ಳಾರಿ ಜಾಲಿ ಇದ್ದಿಲು ಹಾಕಿ, ಮೇಲೆ ಒಂದೆರಡು ಒಣ ಜಾಲಿ ತುಂಡು ಇಡಿ. ಅಮೆರಿಕದವರು ಮೆಸ್ಕೀಟ್ ಅಂತ ದುಡ್ಡು ಕೊಟ್ಟು ತರುವ ಮರ ಇದೇ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ.

ಪೆಲೆಟ್ ಗ್ರಿಲ್ಲೇ ಬೇಕು ಅನ್ನುವವರು, ಬಿಡುಗಡೆಯಾದ ಮೊದಲ ವರ್ಷದ ಮಾಡೆಲ್‌ಗೆ ಕೈ ಹಾಕಬೇಡಿ. ಬೋರ್ಡಿನ ತಪ್ಪುಗಳು ಆ ಒಂದು ವರ್ಷದಲ್ಲೇ ಬೇರೆಯವರ ಮನೆಯಲ್ಲಿ ಹೊರಗೆ ಬರುತ್ತವೆ. ಅಂಗಡಿಯವರ ಹತ್ತಿರ ಗ್ರಿಲ್ ಬೆಲೆಗಿಂತ ಮೊದಲು ಮೂರು ಬಿಡಿಭಾಗದ ಬೆಲೆ ಕೇಳಿ: ಬೆಂಕಿ ಹಚ್ಚುವ ಕಡ್ಡಿ, ಬಿಸಿ ಅಳೆಯುವ ಸೆನ್ಸರ್, ಸ್ಕ್ರೂ ಮೋಟಾರು. ಮಿಕ್ಸಿ ಕೊಳ್ಳುವಾಗ ಜಾರು, ಕಪ್ಲರ್ ಸಿಗುತ್ತಾ ಅಂತ ಕೇಳುವುದಿಲ್ಲವೇ, ಹಾಗೆ. "ಆರ್ಡರ್ ಹಾಕಿದರೆ ತರಿಸ್ತೀವಿ" ಅಂದರೆ ಎಷ್ಟು ದಿನ ಅಂತ ಬರೆಸಿಕೊಳ್ಳಿ. ವಾರಂಟಿ ಇಂಡಿಯಾದಲ್ಲಿ ನಡೆಯುತ್ತಾ ಅನ್ನುವುದನ್ನೂ.

ಮೊನ್ನೆ ಹೋಮ್‌ಸ್ಟೇಯವರು ಮತ್ತೆ ಫೋಟೊ ಕಳಿಸಿದ್ದರು. ಈ ಸಲ ಗ್ರಿಲ್‌ನದ್ದಲ್ಲ, ಎರಡು ಚೀಲ ಪೆಲೆಟ್‌ನದ್ದು. ಕೊರಿಯರ್‌ನಲ್ಲಿ ಬರಲು ಹನ್ನೊಂದು ದಿನ ಹಿಡಿಯಿತಂತೆ. ಒಂದನ್ನು ಬಾಯಿ ಬಿಚ್ಚಿ ಅಟ್ಟದ ಮೇಲೆ, ಇನ್ನೊಂದನ್ನು ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟಿದ್ದಾರೆ. ದೀಪಾವಳಿ ಹೊತ್ತಿಗೆ ನಾನು ಹೋದಾಗ ಎರಡರಿಂದಲೂ ಒಂದೊಂದು ಹಿಡಿ ತೆಗೆದು ಮುರಿದು ನೋಡುತ್ತೇವೆ. ಅಟ್ಟದ್ದೂ ಪಟ್ ಅಂತ ಮುರಿದರೆ, ಅಂದರೆ ತೇವ ಎಳೆದುಕೊಂಡಿರದಿದ್ದರೆ, ಗ್ರಿಲ್ ಮಾತು ಮುಂದುವರಿಸೋಣ ಅಂದಿದ್ದೇನೆ.