ಹಿತ್ತಲ ಕೊಳಕ್ಕೆ ಹದಿಹರೆಯದವರನ್ನು ಕರೆಯುವ ಮುನ್ನ

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆ ಹತ್ತಿರವಾಗುತ್ತಿದ್ದಂತೆ ಅಮೆರಿಕದ ಡಲ್ಲಾಸ್ ನಗರದ ಸುತ್ತಲಿನ ಪ್ಲೇನೊ, ಫ್ರಿಸ್ಕೊಗಳಲ್ಲಿ ಶಾಲೆಗಳು ಮುಗಿಯುತ್ತವೆ; ಅಲ್ಲಿಂದ ಆಗಸ್ಟಿನವರೆಗೆ ಇಲ್ಲಿನ ಕನ್ನಡದ ಮನೆಗಳಲ್ಲಿಯೂ ಮಕ್ಕಳ ಹುಟ್ಟುಹಬ್ಬವೆಂದರೆ ಹಿತ್ತಲಿನ ಪೂಲ್ ಪಾರ್ಟಿಯೇ. ಮಕ್ಕಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ನನ್ನನ್ನು ಪರಿಚಯದ ತಂದೆತಾಯಿಯರು ಈ ದಿನಗಳಲ್ಲಿ ಕೇಳುವ ಪ್ರಶ್ನೆಯೂ ಬಹುತೇಕ ಒಂದೇ: “ಎಲ್ಲರೂ ಹದಿನಾಲ್ಕು ಹದಿನೈದರವರು, ಎಲ್ಲರಿಗೂ ಈಜು ಬರುತ್ತೆ, ನಾವು ಒಳಗಡೆ ಇದ್ರೆ ಸಾಲದೇ ಡಾಕ್ಟ್ರೇ?” ಸಾಲದು. ಪುಟ್ಟ ಮಕ್ಕಳು ನೀರಿಗೆ ಬೀಳುವುದು ತಿಳಿಯದೆ. ಹದಿಹರೆಯದವರು ಅಪಾಯಕ್ಕೆ ಸಿಲುಕುವುದು ಹೆಚ್ಚಾಗಿ ಗೆಳೆಯರ ಮುಂದಿನ ನಾಚಿಕೆಯಿಂದ, ಇಲ್ಲವೇ ಜಂಬದಿಂದ. ಪಾರ್ಟಿಯ ಸಿದ್ಧತೆಯಲ್ಲಿ ಮುಖ್ಯವಾದದ್ದು ಇವೆರಡಕ್ಕೂ ಆಸ್ಪದ ಸಿಗದಂತೆ ನೋಡಿಕೊಳ್ಳುವುದು.

ಏಳನೆಯ ವಯಸ್ಸಿನಲ್ಲಿ ಒಂದೆರಡು ಬೇಸಿಗೆ ಈಜು ತರಗತಿಗೆ ಹೋಗಿ ಅಲ್ಲಿಗೇ ಬಿಟ್ಟ ಹುಡುಗ ತನಗೆ ಈಜು ಬರದೆಂದು ಗೆಳೆಯರೆದುರು ಬಾಯಿಬಿಡುವುದಿಲ್ಲ. ಆದ್ದರಿಂದ ಆಹ್ವಾನ ಕಳಿಸಿದ ಮೇಲೆ ಪ್ರತಿ ಮಗುವಿನ ತಂದೆಯನ್ನೋ ತಾಯಿಯನ್ನೋ ಫೋನಿನಲ್ಲಿ ಪ್ರತ್ಯೇಕವಾಗಿ ವಿಚಾರಿಸಿ. ನೆಲಕ್ಕೆ ಕಾಲು ತಾಗಿಸದೆ, ಅಂಚು ಹಿಡಿಯದೆ ಕೊಳದ ಈ ತುದಿಯಿಂದ ಆ ತುದಿಗೆ ಹೋಗಬಲ್ಲರೇ, ಮೂರ್ಛೆರೋಗವಿದೆಯೇ, ಕಾರಣವಿಲ್ಲದೆ ಪ್ರಜ್ಞೆ ತಪ್ಪಿ ಬಿದ್ದದ್ದುಂಟೇ ಎಂಬಷ್ಟನ್ನು ಕೇಳಿದರೆ ಸಾಕು. ಕೊನೆಯ ಪ್ರಶ್ನೆಯನ್ನು ಸೇರಿಸಿದ್ದೇಕೆಂದರೆ, ಹೃದಯದ ಲಯಕ್ಕೆ ಸಂಬಂಧಿಸಿದ ಲಾಂಗ್ ಕ್ಯೂಟಿ ಎಂಬ ಅನುವಂಶಿಕ ದೋಷದ ಒಂದು ಬಗೆಯಲ್ಲಿ ಈಜುವಾಗಲೇ ಲಯ ತಪ್ಪುವುದುಂಟು.

ಕೆಲವು ವರ್ಷಗಳ ಹಿಂದೆ ಅತಿಥಿಯಾಗಿ ಹೋಗಿದ್ದ ಮನೆಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಹಾಸನದಿಂದ ಬಂದಿದ್ದ ಅಜ್ಜಿ ಹಿಂಬದಿಯ ಜಗಲಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು, ಪಾರ್ಟಿ ಕೊಟ್ಟ ಹುಡುಗಿಯ ತಂದೆ ನೀರಿನಿಂದ ಆರು ಹೆಜ್ಜೆ ದೂರದಲ್ಲಿ ಜೋಳದ ತೆನೆ ಸುಡುತ್ತಿದ್ದರು, ಕೊಳದ ತುಂಬ ಮಕ್ಕಳ ಗದ್ದಲವಿತ್ತು. ಮೂರೂವರೆ ಅಡಿಯ ನೆಲ ಇಳಿಜಾರಾಗಿ ಆಳಕ್ಕೆ ಜಾರುವ ಜಾಗದಲ್ಲಿ ಒಬ್ಬ ಹುಡುಗಿ ನೆಟ್ಟಗೆ ನಿಂತಂತೆ ಇದ್ದಳು. ತಲೆ ಹಿಂದಕ್ಕೆ ವಾಲಿತ್ತು, ಕೂದಲು ಕಣ್ಣಿನ ಮೇಲೆ ಅಂಟಿತ್ತು, ಬಾಯಿ ನೀರಿನ ಮಟ್ಟದಲ್ಲಿ ಮುಳುಗುತ್ತಾ ಏಳುತ್ತಾ ಇತ್ತು, ಎರಡೂ ಅಂಗೈಗಳು ಏಣಿ ಹತ್ತುವವರಂತೆ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು. ಒಂದು ಮಾರು ದೂರದಲ್ಲಿದ್ದ ಗೆಳತಿಯರು ನಗುತ್ತಲೇ ಇದ್ದರು, ಏಕೆಂದರೆ ಅವಳಿಂದ ಒಂದು ಶಬ್ದವೂ ಹೊರಡಲಿಲ್ಲ. ಎಲೆ ತೆಗೆಯುವ ಜಾಲರಿಯ ಉದ್ದನೆಯ ಕೋಲನ್ನು ಅವಳ ಕೈಗೆ ಸಿಗುವಂತೆ ಚಾಚಿ ಎಳೆದುಕೊಂಡೆ. ತೆನೆ ಸುಡುತ್ತಿದ್ದ ತಂದೆಗೆ ವಿಷಯ ತಿಳಿದದ್ದು ಅವಳು ಅಂಚಿನಲ್ಲಿ ಕೆಮ್ಮತೊಡಗಿದ ಮೇಲೆ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬ ನಮ್ಮ ಕಲ್ಪನೆ ಸಿನಿಮಾಗಳಿಂದ ಬಂದದ್ದು. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಅವರು ಮುಳುಗುತ್ತಿದ್ದವರ ಚಲನೆಗಳನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ, ಉಸಿರಿಗೇ ಬಿಡುವಿಲ್ಲದಾಗ ಮಾತು ಹೊರಡುವುದಿಲ್ಲವೆಂದೂ, ಪೂರ್ತಿ ಮುಳುಗುವ ಮುನ್ನ ಸಿಗುವ ಸಮಯ 20ರಿಂದ 60 ಸೆಕೆಂಡುಗಳಷ್ಟೇ ಎಂದೂ ತೋರಿಸಿದರು. ಒಂದು ಒಬ್ಬೆ ಬಜ್ಜಿ ಕರಿದು ತೆಗೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೀಗಾಗಿ ನೀರನ್ನು ನೋಡುವುದನ್ನು ಬಿಟ್ಟು ಬೇರೆ ಯಾವ ಕೆಲಸವನ್ನೂ ಮಾಡದ, ಫೋನನ್ನು ಒಳಗಿಟ್ಟು ಬಂದ, ಈಜು ಬಲ್ಲ ಒಬ್ಬ ವಯಸ್ಕರು ಸದಾ ಅಂಚಿನಲ್ಲಿರಬೇಕು. ಹದಿನೈದು ನಿಮಿಷಕ್ಕೊಮ್ಮೆ ಸರದಿ ಬದಲಾಗಲಿ. ನಮ್ಮ ಮನೆಯಲ್ಲಿ ಇದಕ್ಕೆಂದೇ ಒಂದು ಕೆಂಪು ಟೋಪಿ ಇದೆ, ಅದು ಇನ್ನೊಬ್ಬರ ತಲೆಗೇರುವವರೆಗೆ ಹಾಕಿಕೊಂಡವರು ಕದಲುವಂತಿಲ್ಲ. ಸಾಧ್ಯವಾದರೆ ತರಬೇತಿ ಪಡೆದ ಲೈಫ್‌ಗಾರ್ಡ್ ಒಬ್ಬರನ್ನು ಗಂಟೆಯ ಲೆಕ್ಕದಲ್ಲಿ ಕರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಅಮ್ಮ ಹತ್ತು ಸಲ ಹೇಳಿದರೂ ಕೇಳದ ಮಕ್ಕಳು ಸೀಟಿ ಹಿಡಿದ ಹತ್ತೊಂಬತ್ತರ ಹುಡುಗಿಯ ಮಾತನ್ನು ಒಂದೇ ಸಲಕ್ಕೆ ಕೇಳುತ್ತಾರೆ.

ಚೆನ್ನಾಗಿ ಈಜುವವರನ್ನು ಕಾಡುವ ಅಪಾಯ ಬೇರೆಯದು. ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯುತ್ತಾರೆಂಬ ಪಂದ್ಯ ಹುಡುಗರಿರುವಲ್ಲಿ ತಾನಾಗಿಯೇ ಹುಟ್ಟುತ್ತದೆ. ಉಸಿರಾಡಲೇಬೇಕೆಂಬ ತಹತಹವನ್ನು ಹುಟ್ಟಿಸುವುದು ಆಮ್ಲಜನಕದ ಕೊರತೆಗಿಂತ ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಮುಳುಗುವ ಮುನ್ನ ಹುಡುಗ ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಆ ಅನಿಲ ಹೊರಹೋಗುತ್ತದೆಯೇ ಹೊರತು ಆಮ್ಲಜನಕದ ಸಂಗ್ರಹವೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆಮೇಲೆ ತಹತಹ ಹುಟ್ಟುವುದಕ್ಕೆ ಮೊದಲೇ ಮಿದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುತ್ತದೆ, ಮೇಲಿನಿಂದ ನೋಡುವವರಿಗೆ ಅವನು ಪಂದ್ಯ ಗೆಲ್ಲುತ್ತಿರುವಂತೆ ಕಾಣುತ್ತದೆ. ಈ ಆಟಕ್ಕೆ ಯಾವ ರಿಯಾಯಿತಿಯೂ ಬೇಡ. ಬದಲಿಗೆ ಒಂದು ವಾಲಿಬಾಲ್ ಬಲೆ ಕಟ್ಟಿಕೊಟ್ಟರೆ ಪೈಪೋಟಿಯೆಲ್ಲ ನೀರಿನ ಮೇಲೆಯೇ ಉಳಿಯುತ್ತದೆ.

ತಲೆ ಮುಂದಾಗಿ ಧುಮುಕುವುದಕ್ಕೆ ಕನಿಷ್ಠ 9 ಅಡಿ ಆಳವಿರಬೇಕೆಂದು ಅಮೆರಿಕನ್ ರೆಡ್ ಕ್ರಾಸ್ ಹೇಳುತ್ತದೆ; ಬಹಳಷ್ಟು ಹಿತ್ತಲಿನ ಕೊಳಗಳಲ್ಲಿ ಅಷ್ಟು ಆಳವಿರುವುದಿಲ್ಲ, ಮುರಿಯುವುದು ಕುತ್ತಿಗೆಯ ಮೂಳೆ. ಕೊಳಕ್ಕೆ ಹೊಂದಿಕೊಂಡ ಬಿಸಿನೀರಿನ ತೊಟ್ಟಿಯಿದ್ದರೆ, ಅದರ ನೀರೆಳೆಯುವ ರಂಧ್ರಕ್ಕೆ ಕೂದಲು ಸಿಕ್ಕಿಕೊಳ್ಳದಂತೆ ಉದ್ದ ಜಡೆಯ ಹುಡುಗಿಯರು ಜಡೆ ಸುತ್ತಿ ತುರುಬು ಕಟ್ಟಿಕೊಳ್ಳಲಿ. ನೀರೆಳೆಯುವ ರಂಧ್ರದ ಮುಚ್ಚಳ ಒಡೆದಿದ್ದರೆ ಆ ದಿನ ಯಾರನ್ನೂ ಇಳಿಸಬೇಡಿ. ಅಂಥ ತೊಟ್ಟಿಯ ಸೆಳೆತಕ್ಕೆ ಸಿಕ್ಕಿ 2002ರಲ್ಲಿ ತೀರಿಕೊಂಡ, ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳ ಹೆಸರಿನಲ್ಲಿ 2007ರಲ್ಲಿ ಈ ಮುಚ್ಚಳಗಳ ಕಾನೂನೇ ಬಂತು. ಇನ್ನು ಕೊಳದ ನೀರಿನ ಶುದ್ಧಿ: ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ), ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7ರಿಂದ 7.8ರ ನಡುವೆ. ಘಾಟು ವಾಸನೆ ಸ್ವಚ್ಛತೆಯ ಗುರುತಲ್ಲ. ಬೆವರು ಮೂತ್ರಗಳೊಡನೆ ಕ್ಲೋರಿನ್ ಸೇರಿದಾಗ ಬರುವ ವಾಸನೆ ಅದು. ಗುಡುಗು ಕೇಳಿದರೆ ಎಲ್ಲರೂ ಒಳಗೆ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯುವವರೆಗೆ.

ಮುಳುಗಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದನ್ನು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದನ್ನು ನಮ್ಮ ಹಳ್ಳಿಗಳ ಕೆರೆಯಂಗಳದಲ್ಲಿ ಕಂಡವರಿದ್ದಾರೆ. ಅದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಾಟವಿಲ್ಲದವರಿಗೆ ಮೊದಲು ಬಾಯಿಗೆ ಬಾಯಿಯಿಟ್ಟು 2 ಸಲ ಉಸಿರು ಊದಿ, ಅನಂತರ 30 ಸಲ ಎದೆ ಒತ್ತಿ, ಅದನ್ನೇ ಮುಂದುವರಿಸಬೇಕು. ಜೊತೆಯಲ್ಲಿರುವವರು ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಲಿ. ಎದೆ ಒತ್ತುವುದಷ್ಟೇ ಸಾಕೆಂಬ ಸಲಹೆ ವಯಸ್ಕರ ಹಠಾತ್ ಹೃದಯಸ್ತಂಭನಕ್ಕೆ ಹೇಳಿದ್ದು, ಇಲ್ಲಿ ರಕ್ತದಲ್ಲೇ ಆಮ್ಲಜನಕ ಮುಗಿದಿರುತ್ತದೆ. ಮೇಲೆ ಬಂದ ಮಗು ಮಾತನಾಡುತ್ತಿದ್ದರೂ ಕೆಮ್ಮು ನಿಲ್ಲದಿದ್ದರೆ, ಏದುಸಿರಿದ್ದರೆ ಆಸ್ಪತ್ರೆಗೆ ಕರೆತನ್ನಿ.

ಕೇಕ್ ಕತ್ತರಿಸಲು ಎಲ್ಲರೂ ಒಳಗೆ ಹೋಗುವ ಹೊತ್ತಿನಲ್ಲಿ ಕೆಂಪು ಟೋಪಿಯವರು ಕೊನೆಗೆ ಬರಲಿ: ನೀರಿನಲ್ಲಿ ಉಳಿದ ಚೆಂಡು, ಗಾಳಿ ತುಂಬಿದ ತೇಲುಹಂಸಗಳನ್ನೆಲ್ಲ ಎತ್ತಿ ದೂರವಿಟ್ಟು, ತಲೆ ಎಣಿಸಿ, ಬೇಲಿಯ ಗೇಟಿನ ಚಿಲಕ ಕಚ್ಚಿದೆಯೇ ಎಂದು ಒಮ್ಮೆ ಎಳೆದು ನೋಡಿ. ಅಣ್ಣನ ಪಾರ್ಟಿಗೆ ಬಂದ ಮೂರು ವರ್ಷದ ತಂಗಿಗೆ ಬೇಕಾಗಿರುವುದು ಕೇಕಲ್ಲ, ಆ ಹಂಸ.