‘ಫಿಕ್ಸ್’ ಅಂದರೆ ಬರೀ ಲಂಚ ಅಲ್ಲ

ಮದುವೆ ಫಿಕ್ಸ್ ಆಯ್ತು ಅಂತೀವಿ, ಆಟೋದವನ ಹತ್ತಿರ ರೇಟು ಫಿಕ್ಸ್ ಮಾಡ್ಕೊಂಡೆ ಅಂತೀವಿ. ಕ್ರಿಕೆಟ್ ಪುಣ್ಯದಿಂದ ಮ್ಯಾಚ್ ಫಿಕ್ಸಿಂಗ್ ಅನ್ನೋದೂ ಎಲ್ಲರಿಗೂ ಗೊತ್ತು. ಅಮೆರಿಕದ ಶಿಕಾಗೋದಲ್ಲಿ ಕೋರ್ಟಿನ ಕೇಸಿಗೂ ಇದೇ ಮಾತು ನಡೆಯುತ್ತಿತ್ತು.

ಫೈಲು ಬೇಗ ಸರಿಯಲಿ ಅಂತ ಟೇಬಲ್ ಕೆಳಗೆ ಕೊಡುವುದು ಲಂಚ. ಫಿಕ್ಸ್ ಹಾಗಲ್ಲ. ಇಲ್ಲಿ ಸಾಕ್ಷಿಗಳು ಬರುತ್ತಾರೆ, ವಕೀಲರು ಜೋರಾಗಿ ವಾದಿಸುತ್ತಾರೆ, ನ್ಯಾಯಾಧೀಶರು ಗಂಭೀರವಾಗಿ ಬರೆದುಕೊಳ್ಳುತ್ತಾರೆ, ಎಲ್ಲವೂ ಸರಿಯಾಗೇ ಕಾಣುತ್ತದೆ, ಆದರೆ ತೀರ್ಪು ಮಾತ್ರ ವಿಚಾರಣೆ ಶುರುವಾಗುವ ಮೊದಲೇ ಮಾರಾಟವಾಗಿರುತ್ತದೆ. ಅದನ್ನು ಕುದುರಿಸುವವನೇ ಫಿಕ್ಸರ್.

ಹ್ಯಾರಿ ಅಲೆಮನ್ ಕೇಸು ನೋಡಿ. ಇವನು ಶಿಕಾಗೋ ಮಾಫಿಯಾದ, ಅಲ್ಲಿಯವರು ‘ಔಟ್‌ಫಿಟ್’ ಅನ್ನುವ ಗ್ಯಾಂಗಿನ ಕೊಲೆಗಾರ. 1972ರಲ್ಲಿ ಒಬ್ಬ ಯೂನಿಯನ್ ಮುಖಂಡನನ್ನು ಗುಂಡಿಟ್ಟು ಕೊಂದ ಆರೋಪದ ಮೇಲೆ 1977ರಲ್ಲಿ ಕೋರ್ಟಿಗೆ ಬಂದ. ಕಣ್ಣಾರೆ ಕಂಡ ಸಾಕ್ಷಿಯೂ ಇದ್ದ. ಆದರೂ ಅಲೆಮನ್ ಜ್ಯೂರಿ (ತೀರ್ಪು ಹೇಳಲು ಕೂರಿಸುವ ಹನ್ನೆರಡು ಸಾಮಾನ್ಯ ಜನ) ಬೇಡ, ನ್ಯಾಯಾಧೀಶರೊಬ್ಬರೇ ತೀರ್ಪು ಕೊಡಲಿ ಅಂದ. ಗುಟ್ಟು ಇರುವುದೇ ಇಲ್ಲಿ. ಹನ್ನೆರಡು ಜನರನ್ನು ಕೊಳ್ಳುವುದು ಕಷ್ಟ, ಒಬ್ಬರನ್ನು ಕೊಂಡರೆ ಕೆಲಸ ಮುಗೀತು ಅಲ್ವಾ?

ಕೊಂಡಿದ್ದು ರಾಬರ್ಟ್ ಕೂಲಿ ಎಂಬ ವಕೀಲ, ಮೊದಲು ಪೊಲೀಸ್ ಆಗಿದ್ದವನು. ಅವನಿಗೆ ಕೆಲಸ ಒಪ್ಪಿಸಿದ್ದು ಫಸ್ಟ್ ವಾರ್ಡಿನ ರಾಜಕೀಯ ಮುಖಂಡ ಪ್ಯಾಟ್ ಮಾರ್ಸಿ. ನ್ಯಾಯಾಧೀಶ ಫ್ರಾಂಕ್ ವಿಲ್ಸನ್‌ಗೆ ಗೊತ್ತುಮಾಡಿದ ರೇಟು 10,000 ಡಾಲರ್. ಅಡ್ವಾನ್ಸ್ 2,500, ಉಳಿದದ್ದು ಖುಲಾಸೆ ಆದ ಮೇಲೆ. ಒಂದು ಕೊಲೆಗೆ ಇಷ್ಟೇನಾ ಅನ್ನಿಸುತ್ತದೆ. ಇಲ್ಲಿ ಸಾಲು ಗಮನಿಸಿ: ಗ್ಯಾಂಗು, ರಾಜಕಾರಣಿ, ವಕೀಲ, ನ್ಯಾಯಾಧೀಶ. ನಡುವಿನ ಇಬ್ಬರಿಲ್ಲದೆ ಎರಡು ತುದಿಗಳು ಎಂದೂ ಮುಟ್ಟುವುದಿಲ್ಲ. ಕೊಲೆಗಾರ ನ್ಯಾಯಾಧೀಶರ ಹತ್ತಿರ ಹೋದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ವಕೀಲ ಹೋದರೆ ಯಾರೂ ತಿರುಗಿ ನೋಡಲ್ಲ.

ಫಿಕ್ಸ್‌ಗೆ ಇನ್ನೊಂದು ಮುಖ ಇದೆ, ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ. ದುಡ್ಡು ಕೊಡದವರ ಗತಿ ಏನು? ಶಿಕಾಗೋದ ಇನ್ನೊಬ್ಬ ನ್ಯಾಯಾಧೀಶ ಥಾಮಸ್ ಮಲೋನಿ ಕೊಲೆ ಕೇಸುಗಳನ್ನೇ ಮಾರುತ್ತಿದ್ದರು. 1986ರಲ್ಲಿ ಒಂದು ಜೋಡಿ ಕೊಲೆ ಕೇಸಿನಲ್ಲಿ 10,000 ಡಾಲರ್ ತೆಗೆದುಕೊಂಡು, ಎಫ್‌ಬಿಐ ಕಣ್ಣಿಟ್ಟಿದೆ ಅನ್ನೋ ಅನುಮಾನ ಬಂದಾಗ ವಾಪಸ್ ಕೊಟ್ಟುಬಿಟ್ಟರು. ಆಮೇಲೆ ಅದೇ ಕೇಸಿನ ಇಬ್ಬರು ಆರೋಪಿಗಳಿಗೆ ಮರಣದಂಡನೆ ವಿಧಿಸಿದರು! ಅವರಲ್ಲಿ ಒಬ್ಬರು 2009ರಲ್ಲಿ ಮರುವಿಚಾರಣೆಯಾಗಿ ಖುಲಾಸೆಯಾದರು. ಮಲೋನಿ ತಮ್ಮ ಮೇಲೆ ಅನುಮಾನ ಬರದಿರಲಿ ಅಂತ ದುಡ್ಡು ಕೊಡದವರ ಮೇಲೆ ಬೇಕಂತಲೇ ಬಿಗಿಯಾಗಿದ್ದರು ಎಂಬ ವಾದ 1997ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದಕ್ಕೆ ಸಾಕ್ಷ್ಯ ಹುಡುಕಲು ಕೋರ್ಟು ಅವಕಾಶ ಕೊಟ್ಟಿತು. ಅಷ್ಟರಲ್ಲಿ ಮಲೋನಿಗೇ ಸುಮಾರು 16 ವರ್ಷ ಜೈಲಾಗಿತ್ತು.

ಇದರಲ್ಲಿ ಬಹಳಷ್ಟು ಬಯಲಾಗಿದ್ದು ಕೂಲಿಯಿಂದಲೇ. 1986ರಲ್ಲಿ ಅವನೇ ಸರ್ಕಾರಿ ವಕೀಲರ ಕಚೇರಿಗೆ ನಡೆದುಕೊಂಡು ಹೋಗಿ ಬಾಯಿಬಿಟ್ಟ, ಮೈಮೇಲೆ ಮೈಕ್ ಕಟ್ಟಿಕೊಂಡು ಹಳೇ ಗೆಳೆಯರ ಮಾತು ರೆಕಾರ್ಡ್ ಮಾಡಿದ. ಎಫ್‌ಬಿಐ ಇದಕ್ಕಿಟ್ಟ ಹೆಸರು ‘ಗ್ಯಾಂಬ್ಯಾಟ್’, ಅಂದರೆ ಗ್ಯಾಂಬ್ಲಿಂಗ್ ಅಟಾರ್ನಿ, ಜೂಜುಕೋರ ವಕೀಲ. ಕೂಲಿಗೆ ಬೆಟ್ಟಿಂಗ್ ಹುಚ್ಚು ಜಾಸ್ತಿ ಇತ್ತು. ವಿಲ್ಸನ್ 1990ರಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಮಾರ್ಸಿ ತಮ್ಮ ವಿಚಾರಣೆ ಮುಗಿಯುವ ಮೊದಲೇ 1993ರಲ್ಲಿ ತೀರಿಕೊಂಡರು.

ಉಳಿದವನು ಅಲೆಮನ್. ಒಮ್ಮೆ ಖುಲಾಸೆಯಾದವನನ್ನು ಅದೇ ಕೊಲೆಗೆ ಮತ್ತೆ ಕಟಕಟೆಗೆ ಹತ್ತಿಸುವಂತಿಲ್ಲ, ಇದು ಡಬಲ್ ಜೆಪರ್ಡಿ ಅಂತ ಅವನ ಕಡೆಯವರು ವಾದಿಸಿದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ ಅಂತ ನಮ್ಮ ಸಂವಿಧಾನದ 20(2)ನೇ ವಿಧಿಯೂ ಹೇಳುತ್ತದೆ. ಆದರೆ ಅಲ್ಲಿನ ಕೋರ್ಟುಗಳು ಜೆಪರ್ಡಿ ಅನ್ನೋ ಪದವನ್ನೇ ಹಿಡಿದುಕೊಂಡವು. ಜೆಪರ್ಡಿ ಅಂದರೆ ಗಂಡಾಂತರ. ತೀರ್ಪನ್ನೇ ಕೊಂಡುಕೊಂಡು ಬಂದವನಿಗೆ ಮೊದಲ ಸಲ ಯಾವ ಗಂಡಾಂತರ ಇತ್ತು? 1997ರಲ್ಲಿ ಮತ್ತೆ ವಿಚಾರಣೆ ನಡೆಯಿತು, ಈ ಸಲ ಜ್ಯೂರಿ ಮುಂದೆ. ಶಿಕ್ಷೆ 100ರಿಂದ 300 ವರ್ಷ. 2010ರಲ್ಲಿ ಜೈಲಿನಲ್ಲೇ ಸತ್ತ.